ಮುರಿದ ಪೆಟ್ಟಿಗೆ, ಉಳಿದ ಬರಹ

ಕಲ್ಲಿನಲ್ಲಿ ಕೊರೆದ ಶಾಸನ ಸವೆದರೆ, ಸವೆದದ್ದು ಕಣ್ಣಿಗೆ ಕಾಣುತ್ತದೆ. ಓಲೆಗರಿಯನ್ನು ಹುಳು ತಿಂದರೆ ಯಾವ ಅಕ್ಷರ ಹೋಯಿತು, ಯಾವುದು ಉಳಿಯಿತು ಎಂಬುದನ್ನು ಬೆರಳಿಟ್ಟು ತೋರಿಸಬಹುದು. ನಮ್ಮ ಕಾಲದ ಬರಹದ ಸ್ಥಿತಿ ಬೇರೆ. ಅಂಗೈಯಗಲದ ಕಪ್ಪು ಪೆಟ್ಟಿಗೆಯೊಂದರಲ್ಲಿ ಮಗಳ ಮದುವೆಯ ಚಿತ್ರಗಳಿರುತ್ತವೆ. ಊರೂರು ಅಲೆದು ಧ್ವನಿಮುದ್ರಿಸಿಕೊಂಡ ಜನಪದ ಗೀತೆಗಳಿರುತ್ತವೆ. ಇನ್ನೂ ಅಚ್ಚಿಗೆ ಹೋಗದ ಕಾದಂಬರಿಯೊಂದಿರುತ್ತದೆ. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಎಂದು ನಾವು ಕರೆಯುವ ಈ ಪೆಟ್ಟಿಗೆ ಒಂದು ದಿನ ಮೇಜಿನಿಂದ ಜಾರಿ ನೆಲಕ್ಕೆ ಬೀಳುತ್ತದೆ. ಹೊರಮೈಯಲ್ಲಿ ಒಂದು ಗೀರೂ ಇಲ್ಲ. ಆದರೆ ಕಂಪ್ಯೂಟರಿಗೆ ಜೋಡಿಸಿದರೆ ಒಳಗಿನಿಂದ ಟಕ್ ಟಕ್ ಎಂಬ ಸದ್ದಲ್ಲದೆ ಬೇರೇನೂ ಬರುವುದಿಲ್ಲ. ಬರಹ ಅಳಿದುಹೋಯಿತೋ, ಅಲ್ಲೇ ಇದ್ದೂ ಓದಲು ಬಾರದಾಯಿತೋ? ಹೊರಗಿನಿಂದ ನೋಡಿ ಹೇಳುವಂತಿಲ್ಲ.

ಈ ಪ್ರಶ್ನೆಗೆ ಉತ್ತರ ಹುಡುಕುವಾಗ ನೆನಪಾಗುವ ಪ್ರಸಂಗವೊಂದುಂಟು. ೨೦೦೩ನೆಯ ಇಸವಿಯ ಫೆಬ್ರವರಿ ೧ರಂದು ಕೊಲಂಬಿಯಾ ಎಂಬ ಅಮೆರಿಕದ ಬಾಹ್ಯಾಕಾಶ ನೌಕೆ ಭೂಮಿಗೆ ಹಿಂದಿರುಗುತ್ತಿದ್ದಾಗ, ಇಳಿಯಲು ಕಾಲುಗಂಟೆಯಷ್ಟೇ ಉಳಿದಿರುವಂತೆ, ಟೆಕ್ಸಸ್ ಪ್ರಾಂತದ ಮೇಲೆ ಸುಮಾರು ೬೦ ಕಿಲೋಮೀಟರ್ ಎತ್ತರದಲ್ಲಿ ಒಡೆದು ಚೂರಾಯಿತು. ಹರಿಯಾಣದ ಕರ್ನಾಲಿನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಅವರೂ ಸೇರಿದಂತೆ ಏಳು ಮಂದಿ ಯಾತ್ರಿಕರು ಅಸುನೀಗಿದರು. ಹದಿನಾರು ದಿನಗಳ ಆ ಯಾನದಲ್ಲಿ ಅವರು ಎರಡು ತಂಡಗಳಾಗಿ ಹಗಲೂ ರಾತ್ರಿಯೂ ಪ್ರಯೋಗಗಳನ್ನು ನಡೆಸಿದ್ದರು. ಅವುಗಳಲ್ಲೊಂದು ಝೆನಾನ್ ಎಂಬ ಅನಿಲವನ್ನು ಕುರಿತದ್ದು. ಗಟ್ಟಿ ಮೊಸರನ್ನು ಕದಡಿದರೆ ಅದು ಸಡಿಲವಾಗಿ ಹರಿಯುವುದನ್ನು ನಾವೆಲ್ಲ ಕಂಡಿದ್ದೇವೆ. ದ್ರವವೋ ಅನಿಲವೋ ಎಂದು ಹೇಳಲಾಗದ ಸಂಧಿಸ್ಥಿತಿಯಲ್ಲಿರುವ ಝೆನಾನ್ ಕೂಡ ಕದಡಿದಾಗ ಹೀಗೆಯೇ ಸಡಿಲಗೊಳ್ಳುವುದೇ ಎಂಬುದು ವಿಜ್ಞಾನಿಗಳ ಜಿಜ್ಞಾಸೆ. ಭೂಮಿಯ ಮೇಲಾದರೆ ಆ ಸ್ಥಿತಿಯ ಝೆನಾನ್ ತನ್ನ ಭಾರಕ್ಕೆ ತಾನೇ ಕುಗ್ಗಿ ಪ್ರಯೋಗ ಕೆಡುತ್ತದೆ; ಆದ್ದರಿಂದ ಬಾಹ್ಯಾಕಾಶಕ್ಕೆ ಹೋಗಬೇಕಾಯಿತು. ಫಲಿತಾಂಶದ ಒಂದು ಭಾಗ ಯಾನದ ವೇಳೆಯಲ್ಲೇ ರೇಡಿಯೋ ಮೂಲಕ ಭೂಮಿಗೆ ಬಂದಿತ್ತು. ಮಿಕ್ಕದ್ದು ನೌಕೆಯಲ್ಲಿದ್ದ ಒಂದು ಹಾರ್ಡ್ ಡಿಸ್ಕಿನಲ್ಲಿತ್ತು.

ಆ ಡಿಸ್ಕು ಸುಮಾರು ಆರು ತಿಂಗಳ ಅನಂತರ, ಅವಶೇಷಗಳ ನಡುವೆ, ಬತ್ತಿದ ಕೆರೆಯೊಂದರ ಅಂಗಳದಲ್ಲಿ ಸಿಕ್ಕಿತು. ಅದರ ಸರ್ಕ್ಯೂಟ್ ಬೋರ್ಡು ಗುರುತು ಸಿಗದಂತೆ ಸುಟ್ಟಿತ್ತು. ಅಂಚಿನ ಮುದ್ರೆ ಕರಗಿ ಒಳಗೆ ಧೂಳು ಮಣ್ಣು ಸೇರಿದ್ದವು. ಹೀಗಿದ್ದರೂ ಮಿನೆಸೋಟದ ಕ್ರೋಲ್ ಆನ್‌ಟ್ರ್ಯಾಕ್ ಸಂಸ್ಥೆಯ ತಂತ್ರಜ್ಞರು ಅದರಲ್ಲಿದ್ದ ಮಾಹಿತಿಯಲ್ಲಿ ಶೇಕಡಾ ೯೯ರಷ್ಟನ್ನು ಹೊರತೆಗೆದರು. ೨೦೦೮ರಲ್ಲಿ ಆ ಪ್ರಯೋಗದ ಫಲಿತಾಂಶ ‘ಫಿಸಿಕಲ್ ರಿವ್ಯೂ ಇ’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ಝೆನಾನ್ ಸಡಿಲಗೊಳ್ಳುವುದು ದಿಟವೆಂದು ತಿಳಿಯಿತು.

ಮೇಜಿನಿಂದ ಬಿದ್ದ ಡಿಸ್ಕು ಮಾತು ನಿಲ್ಲಿಸುತ್ತದೆ. ಆಕಾಶದಿಂದ ಬಿದ್ದ ಡಿಸ್ಕು ಮಾತಾಡಿತು. ಇದು ಹೇಗೆ? ಇದನ್ನು ಅರಿಯಬೇಕಾದರೆ ಪೆಟ್ಟಿಗೆಯ ಒಳಗು ಹೇಗಿದೆ ಎಂಬುದನ್ನು ಮೊದಲು ತಿಳಿಯಬೇಕು.

ಹಾರ್ಡ್ ಡಿಸ್ಕಿನ ವಂಶ ೧೯೫೬ರಲ್ಲಿ ಆರಂಭವಾಯಿತು. ಆ ವರ್ಷ ಐಬಿಎಂ ಸಂಸ್ಥೆ ಹೊರತಂದ ಯಂತ್ರದಲ್ಲಿ ಎರಡಡಿ ಅಗಲದ ಐವತ್ತು ತಟ್ಟೆಗಳಿದ್ದವು. ಬೀರುವಿಗಿಂತ ದೊಡ್ಡದಾಗಿದ್ದ ಅದರಲ್ಲಿ ಐವತ್ತು ಲಕ್ಷ ಅಕ್ಷರಗಳು ಹಿಡಿಸುತ್ತಿದ್ದವು. ಇಂದಿನ ಪೆಟ್ಟಿಗೆಯಲ್ಲಿ ಅದರ ಲಕ್ಷಾಂತರ ಪಾಲು ಹಿಡಿಸುತ್ತದೆ. ಆದರೆ ಮೂಲತತ್ತ್ವ ಬದಲಾಗಿಲ್ಲ. ಕನ್ನಡಿಯಂತೆ ನುಣುಪಾದ ತಟ್ಟೆ. ಅದರ ಮೇಲೆ ಕಾಂತೀಯ ಲೋಹದ ಅತಿ ತೆಳುವಾದ ಲೇಪ. ಆ ಲೇಪದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಾಂತಗಳು ಒಂದು ದಿಕ್ಕಿಗೋ ಅದರ ಎದುರು ದಿಕ್ಕಿಗೋ ಮುಖಮಾಡಿ ನಿಂತಿವೆ. ಈ ದಿಕ್ಕುಗಳ ಸರಣಿಯೇ ಬರಹ. ಊರಿಗೆ ಒಯ್ಯುವ ಚಿಕ್ಕ ಡಿಸ್ಕುಗಳಲ್ಲಿ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ ೫೪೦೦ ಸುತ್ತು ತಿರುಗುತ್ತದೆ. ಅದರ ಅಂಚು ಗಂಟೆಗೆ ಅರುವತ್ತು ಕಿಲೋಮೀಟರಿನಷ್ಟು ವೇಗದಲ್ಲಿ ಓಡುತ್ತಿರುತ್ತದೆ. ಅದರ ಮೇಲೆ ಒಂದು ತೋಳು. ತೋಳಿನ ತುದಿಯಲ್ಲಿ ಸಾಸಿವೆಗಿಂತ ಚಿಕ್ಕದಾದ, ‘ಹೆಡ್’ ಎಂದು ಕರೆಯುವ ಓದುವ ಬರೆಯುವ ಸಾಧನ.

ಈ ಹೆಡ್ ತಟ್ಟೆಯನ್ನು ಮುಟ್ಟುವುದಿಲ್ಲ. ತಿರುಗುವ ತಟ್ಟೆ ಎಬ್ಬಿಸಿದ ಗಾಳಿಯ ಮೆತ್ತೆಯ ಮೇಲೆ ತೇಲುತ್ತದೆ. ತೇಲುವ ಎತ್ತರ ಕೆಲವೇ ನ್ಯಾನೋಮೀಟರು. ನಮ್ಮ ತಲೆಗೂದಲಿನ ದಪ್ಪವನ್ನು ಹತ್ತು ಸಾವಿರ ಪಾಲು ಮಾಡಿದರೆ ಒಂದು ಪಾಲು ಎಷ್ಟೋ, ಹೆಚ್ಚುಕಡಿಮೆ ಅಷ್ಟು. ಅಲ್ಲಿಗೆ ಹೊಗೆಯ ಒಂದು ಕಣ ನುಸುಳಿದರೂ ಅದು ದಾರಿಯಲ್ಲಿ ಬಿದ್ದ ಬಂಡೆಯಿದ್ದಂತೆ. ಡಿಸ್ಕು ತಿರುಗುತ್ತಿರುವಾಗ ಕೆಳಗೆ ಬಿದ್ದರೆ ಹೆಡ್ ತಟ್ಟೆಗೆ ಬಡಿಯುತ್ತದೆ. ಬಾಗುತ್ತದೆ ಅಥವಾ ಮುರಿಯುತ್ತದೆ. ತಟ್ಟೆ ಮಾತ್ರ ತಿರುಗುತ್ತಲೇ ಇರುತ್ತದೆ. ಮುರಿದ ಲೋಹದ ತುದಿ ಒಂದು ನಿಮಿಷದಲ್ಲಿ ಐದು ಸಾವಿರಕ್ಕೂ ಹೆಚ್ಚು ಸಲ ಅದೇ ಜಾಗವನ್ನು ಉಜ್ಜಿದರೆ ಏನಾದೀತು? ಲೇಪ ಪುಡಿಯಾಗಿ ಉದುರುತ್ತದೆ. ಆ ಪುಡಿಯೊಂದಿಗೆ ಬರಹವೂ ಉದುರುತ್ತದೆ. ಅದನ್ನು ಮತ್ತೆ ಕೂಡಿಸುವ ವಿದ್ಯೆ ಪ್ರಪಂಚದಲ್ಲಿ ಎಲ್ಲಿಯೂ ಇಲ್ಲ.

ಆದ್ದರಿಂದ ಈ ವಿಷಯದಲ್ಲಿ ಹೇಳಬೇಕಾದ ಮುಖ್ಯವಾದ ಮಾತು ಇದು: ಡಿಸ್ಕಿಗೆ ಪೆಟ್ಟು ಬಿದ್ದ ಕ್ಷಣದಲ್ಲಿ ಕಳೆದುಹೋಗುವುದು ಅನೇಕವೇಳೆ ಸ್ವಲ್ಪ; ಪೆಟ್ಟು ಬಿದ್ದ ಮೇಲೆ ನಮ್ಮ ಆತುರದಿಂದ ಕಳೆದುಹೋಗುವುದು ಬಹಳ. ‘ಇನ್ನೊಂದು ಸಲ ನೋಡೋಣ’ ಎಂದು ಜೋಡಿಸುವುದು, ತೆಗೆಯುವುದು, ಮತ್ತೆ ಜೋಡಿಸುವುದು: ಒಂದೊಂದು ಸಲವೂ ಗಾಯದ ಮೇಲೆ ಉಜ್ಜಿದಂತೆ. ಕೊಲಂಬಿಯಾದ ಡಿಸ್ಕಿಗೆ ಒದಗಿದ ಭಾಗ್ಯಗಳಲ್ಲಿ ಮೊದಲನೆಯದು ಇದೇ. ಅದು ಎಷ್ಟು ಸುಟ್ಟಿತ್ತೆಂದರೆ ಯಾರೂ ಅದಕ್ಕೆ ವಿದ್ಯುತ್ತು ಹಾಯಿಸಿ ನೋಡುವಂತೆಯೇ ಇರಲಿಲ್ಲ.

ಡಿಸ್ಕಿಗೆ ತಗಲುವ ಪೆಟ್ಟನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಪೆಟ್ಟಿಗೆಯ ಹೊರಗಿನ ಅಂಗಗಳಿಗೆ ಆದದ್ದು ಒಂದು. ತಟ್ಟೆ ಮತ್ತು ಹೆಡ್‌ಗಳಿಗೆ ಆದದ್ದು ಎರಡನೆಯದು. ಬರಹದ ವ್ಯವಸ್ಥೆಗೆ ಆದದ್ದು ಮೂರನೆಯದು.

ಮೊದಲನೆಯದು ಹಗುರವಾದದ್ದು. ತಂತಿ ಸಡಿಲವಾಗಿರಬಹುದು, ಯುಎಸ್‌ಬಿ ಕೊಂಡಿ ಮುರಿದಿರಬಹುದು, ಡಿಸ್ಕನ್ನೂ ಕಂಪ್ಯೂಟರನ್ನೂ ಬೆಸೆಯುವ ಪುಟ್ಟ ಬೋರ್ಡು ಕೆಟ್ಟಿರಬಹುದು. ಬೀಳದೆ, ನೆನೆಯದೆ, ಅಸಹಜವಾದ ಸದ್ದೂ ಇಲ್ಲದೆ ಡಿಸ್ಕು ಸುಮ್ಮನಾಗಿದ್ದರೆ ಬೇರೊಂದು ತಂತಿ, ಬೇರೊಂದು ಕಂಪ್ಯೂಟರನ್ನು ಒಮ್ಮೆ ಪರೀಕ್ಷಿಸುವುದರಲ್ಲಿ ತಪ್ಪಿಲ್ಲ. ಆದರೆ ಇಲ್ಲಿಯೂ ಒಂದು ಸೂಕ್ಷ್ಮವುಂಟು. ಕೆಲವು ಪೆಟ್ಟಿಗೆಗಳಲ್ಲಿ ಆ ಪುಟ್ಟ ಬೋರ್ಡೇ ಬರಹವನ್ನು ಗುಪ್ತಲಿಪಿಗೆ ತಿರುಗಿಸಿ ತಟ್ಟೆಗೆ ಕಳಿಸುತ್ತದೆ. ಬೋರ್ಡನ್ನು ಎಸೆದು ಡಿಸ್ಕನ್ನಷ್ಟೇ ಬೇರೆ ಕಡೆ ಜೋಡಿಸಿದರೆ ದೊರೆಯುವುದು ಅರ್ಥವಿಲ್ಲದ ಅಂಕೆಗಳ ರಾಶಿ. ಆದ್ದರಿಂದ ಕೆಟ್ಟ ಪೆಟ್ಟಿಗೆಯ ಯಾವ ಭಾಗವನ್ನೂ ಬಿಸಾಡಬಾರದು. ಡಿಸ್ಕಿಗೇ ಅಂಟಿಕೊಂಡ ಹಸುರು ಬೋರ್ಡು ಸುಟ್ಟಿದ್ದರೆ, ಅದೇ ಮಾದರಿಯ ಇನ್ನೊಂದನ್ನು ಹಾಕಿಬಿಡುವ ಪದ್ಧತಿ ಹಿಂದೆ ಇತ್ತು. ಈಗಿನ ಡಿಸ್ಕುಗಳಲ್ಲಿ ಅದು ಸಾಲದು. ಒಂದೊಂದು ಡಿಸ್ಕಿನ ಹೆಡ್ಡುಗಳ ಸ್ವಭಾವವನ್ನು ಕಾರ್ಖಾನೆಯಲ್ಲಿ ಅಳೆದು ಆಯಾ ಬೋರ್ಡಿನ ಚಿಪ್ಪಿನಲ್ಲಿ ದಾಖಲಿಸಿರುತ್ತಾರೆ. ಆ ಚಿಪ್ಪನ್ನೂ ಹೊಸ ಬೋರ್ಡಿಗೆ ಸಾಗಿಸಬೇಕು.

ಎರಡನೆಯ ಬಗೆಯ ಪೆಟ್ಟಿನ ಲಕ್ಷಣ ಸದ್ದು. ಗಡಿಯಾರದಂತೆ ಟಕ್ ಟಕ್ ಎನ್ನುವುದು, ಕೀರಲು ಧ್ವನಿ, ಒಳಗೆ ಏನೋ ಕೆರೆದಂತಾಗುವುದು. ಹೆಡ್ ತನ್ನ ದಾರಿಯ ಗುರುತುಗಳನ್ನು ಕಾಣದೆ ಮತ್ತೆ ಮತ್ತೆ ಮೊದಲ ಸ್ಥಾನಕ್ಕೆ ಮರಳುವಾಗ ಏಳುವ ಸದ್ದು ಅದು. ಅದನ್ನು ಕೇಳಿದೊಡನೆ ತಂತಿಯನ್ನು ಕಳಚಬೇಕು. ಮನೆಮದ್ದುಗಳು ಇಲ್ಲಿ ಪ್ರಬಲವಾಗಿವೆ. ಡಿಸ್ಕನ್ನು ಫ್ರಿಜ್ಜಿನಲ್ಲಿಟ್ಟು ತಣಿಸಿದರೆ ಸರಿಹೋಗುತ್ತದೆಂದು ಹೇಳುವವರುಂಟು. ತಣಿದ ತಟ್ಟೆಯನ್ನು ಹೊರತೆಗೆದಾಗ ಗಾಳಿಯ ತೇವ ಅದರ ಮೇಲೆ ಹನಿಗಟ್ಟುತ್ತದೆ. ಮೆಲ್ಲಗೆ ಕುಟ್ಟಿದರೆ ಸಾಕೆನ್ನುವವರುಂಟು, ಮಾತೇ ಬೇಡ. ಮುಚ್ಚಳ ಬಿಚ್ಚಿ ನೋಡುವ ಕುತೂಹಲಿಗಳುಂಟು. ಕೋಣೆಯ ಧೂಳು ಅಲ್ಲಿ ಏನು ಮಾಡಬಲ್ಲುದೆಂದು ಆಗಲೇ ಹೇಳಿದೆ. ನೀರಿಗೆ ಬಿದ್ದ ಡಿಸ್ಕನ್ನು ಬಿಸಿಗಾಳಿಗೆ ಹಿಡಿಯುವುದೂ ಸಲ್ಲದು. ನೀರು ಆರಿದರೂ ಅದರಲ್ಲಿದ್ದ ಲವಣ, ಮಣ್ಣು ತಟ್ಟೆಗೆ ಅಂಟಿ ಉಳಿಯುತ್ತವೆ. ತೇವವಿದ್ದಂತೆಯೇ ಚೀಲದಲ್ಲಿ ಭದ್ರಪಡಿಸಿ ಬಲ್ಲವರ ಬಳಿಗೆ ಒಯ್ಯುವುದು ಮೇಲು.

ಬಲ್ಲವರು ಮಾಡುವುದೇನು? ಶೋಧಿಸಿದ ಗಾಳಿಯ ಕೋಣೆಯಲ್ಲಿ, ತಲೆಗೂ ಕೈಗೂ ಹೊದಿಕೆ ತೊಟ್ಟು, ಪೆಟ್ಟಿಗೆಯನ್ನು ತೆರೆಯುತ್ತಾರೆ. ಅದೇ ಮಾದರಿಯ, ಆದಷ್ಟೂ ಅದೇ ಕಾಲದಲ್ಲಿ ತಯಾರಾದ ಒಳ್ಳೆಯ ಡಿಸ್ಕೊಂದನ್ನು ಹುಡುಕಿ, ಅದರ ಹೆಡ್ಡುಗಳನ್ನು ಇದಕ್ಕೆ ಕೂಡಿಸುತ್ತಾರೆ. ದಾನಿಯ ಕಣ್ಣನ್ನು ಇನ್ನೊಬ್ಬರಿಗೆ ಕೂಡಿಸಿದಂತೆ ಎನ್ನಬಹುದು. ಕೊಲಂಬಿಯಾದ ಡಿಸ್ಕಿನಲ್ಲಿ ಕ್ರಮ ತಿರುಗುಮುರುಗಾಗಿತ್ತು. ಅಲ್ಲಿ ತಟ್ಟೆಗಳ ಹೊರತು ಉಳಿದುದೆಲ್ಲವೂ ಕೆಟ್ಟಿದ್ದರಿಂದ, ತಟ್ಟೆಗಳನ್ನೇ ರಾಸಾಯನಿಕ ದ್ರಾವಣದಲ್ಲಿ ತೊಳೆದು, ಹೊಸದಾಗಿ ಸಿದ್ಧಪಡಿಸಿದ ಇನ್ನೊಂದು ಡಿಸ್ಕಿನ ಒಡಲಿಗೆ ಸಾಗಿಸಿದರು.

ಇಷ್ಟಾದರೂ ಆ ಡಿಸ್ಕು ಮತ್ತೆ ಬಳಕೆಗೆ ಬರುವುದೆಂದು ಭಾವಿಸಬಾರದು. ದುರಸ್ತಿಯ ಉದ್ದೇಶ ಡಿಸ್ಕನ್ನು ಬದುಕಿಸುವುದಲ್ಲ. ಒಂದೇ ಒಂದು ಸಲ ಅದನ್ನು ಓದಿಸಿ, ಓದಿದ್ದನ್ನು ಇನ್ನೊಂದು ಆರೋಗ್ಯವಾದ ಡಿಸ್ಕಿಗೆ ನಕಲು ಮಾಡಿಕೊಳ್ಳುವುದು. ಈ ನಕಲಿನ ಕ್ರಮ ಸ್ವಾರಸ್ಯವಾದದ್ದು. ಹಳೆಯ ಹಸ್ತಪ್ರತಿಯನ್ನು ಸಂಪಾದಿಸುವ ವಿದ್ವಾಂಸರು ಮೊದಲ ಓದಿನಲ್ಲಿ ಒಂದು ಮಸುಕಾದ ಅಕ್ಷರದ ಮುಂದೆ ದಿನವೆಲ್ಲ ಕುಳಿತುಬಿಡುವುದಿಲ್ಲ. ಅಲ್ಲಿ ಚುಕ್ಕಿಗಳನ್ನಿಟ್ಟು ಮುಂದೆ ಸಾಗುತ್ತಾರೆ, ಕೊನೆಗೆ ಹಿಂದಿರುಗುತ್ತಾರೆ. ‘ಡಿಡಿರೆಸ್ಕ್ಯೂ’ ಎಂಬ, ಯಾರಾದರೂ ಉಚಿತವಾಗಿ ಪಡೆಯಬಹುದಾದ ತಂತ್ರಾಂಶ ಇದೇ ದಾರಿಯನ್ನು ಹಿಡಿಯುತ್ತದೆ. ಸಲೀಸಾಗಿ ಓದಲು ಬರುವ ಭಾಗಗಳನ್ನೆಲ್ಲ ಮೊದಲು ನಕಲು ಮಾಡಿಕೊಂಡು, ತೊಡಕಿನ ಜಾಗಗಳನ್ನು ಒಂದು ಪಟ್ಟಿಯಲ್ಲಿ ಗುರುತಿಸಿಟ್ಟುಕೊಂಡು, ಆಮೇಲೆ ಅಲ್ಲಿಗೆ ಮರಳುತ್ತದೆ. ಡಿಸ್ಕು ನಡುವೆ ಪ್ರಾಣಬಿಟ್ಟರೂ ಹೆಚ್ಚಿನ ಪಾಲು ಅಷ್ಟರಲ್ಲಿ ಕೈಸೇರಿರುತ್ತದೆ. ಮುಂದಿನ ಶೋಧನೆಯೆಲ್ಲ ನಕಲಿನ ಮೇಲೆಯೇ. ಮೂಲವನ್ನು ಮತ್ತೆ ಮುಟ್ಟುವಂತಿಲ್ಲ. ಆದರೆ ಹೆಡ್ ಮುರಿದ ಡಿಸ್ಕಿನ ಮೇಲೆ ಇಂಥ ತಂತ್ರಾಂಶವನ್ನು ಓಡಿಸುವುದು ಗಾಯವನ್ನು ಕೆರೆಯುವುದೇ ಸರಿ. ಯಂತ್ರ ಗಟ್ಟಿಯಾಗಿದ್ದಾಗ ಮಾತ್ರ ಅದರ ಪ್ರಯೋಜನ.

ಮೂರನೆಯ ಬಗೆಯ ಪೆಟ್ಟಿನಲ್ಲಿ ಯಂತ್ರಕ್ಕೆ ಏನೂ ಆಗಿರುವುದಿಲ್ಲ. ಬರಹ ಎಲ್ಲಿದೆ ಎಂಬುದರ ಪಟ್ಟಿ ಮಾತ್ರ ಹಾಳಾಗಿರುತ್ತದೆ. ಗ್ರಂಥಭಂಡಾರದಲ್ಲಿ ಪುಸ್ತಕಗಳು ಕಪಾಟಿನಲ್ಲೇ ಇದ್ದು ಸೂಚಿಕೆಯ ಚೀಟಿಗಳು ಸುಟ್ಟುಹೋದರೆ ಹೇಗೋ ಹಾಗೆ. ಕಡತವೊಂದನ್ನು ನಾವು ಅಳಿಸಿದಾಗಲೂ ಇಂಥ ಡಿಸ್ಕಿನಲ್ಲಿ ನಡೆಯುವುದು ಇಷ್ಟೇ: ‘ಈ ಜಾಗ ಖಾಲಿ’ ಎಂದು ಚೀಟಿಯ ಮೇಲೆ ಬರೆಯಲಾಗುತ್ತದೆ, ಪುಸ್ತಕ ಅಲ್ಲೇ ಇರುತ್ತದೆ. ಅದರ ಜಾಗದಲ್ಲಿ ಹೊಸದೊಂದನ್ನು ಇಟ್ಟಾಗ ಮಾತ್ರ ಅದು ನಿಜವಾಗಿ ಇಲ್ಲವಾಗುತ್ತದೆ. ಆದ್ದರಿಂದ ಕಂಪ್ಯೂಟರು ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಲೆ?’ ಎಂದು ಸೌಜನ್ಯದಿಂದ ಕೇಳಿದರೆ ಬೇಡವೆನ್ನಬೇಕು. ‘ಸರಿಪಡಿಸಲೆ?’ ಎಂದು ಕೇಳಿದರೂ ಬೇಡವೆನ್ನಬೇಕು. ಸರಿಪಡಿಸುವುದೆಂದರೆ ಅದೇ ಡಿಸ್ಕಿನ ಮೇಲೆ ಬರೆಯುವುದು. ದೊರಕಿಸಿಕೊಂಡ ಕಡತಗಳನ್ನು ಅದೇ ಡಿಸ್ಕಿಗೆ ಉಳಿಸುವುದಂತೂ ಕೂಡದು.

ಪಟ್ಟಿ ಪೂರ್ತಿಯಾಗಿ ಅಳಿದಿದ್ದರೆ, ಬರಹವನ್ನು ಅದರ ಮುಖಚಹರೆಯಿಂದಲೇ ಗುರುತಿಸುತ್ತಾರೆ. ಜೆಪೆಗ್ ಎಂಬ ಬಗೆಯ ಚಿತ್ರಗಳೆಲ್ಲ ಒಂದೇ ನಿಶ್ಚಿತ ಸಂಕೇತದಿಂದ ಆರಂಭವಾಗಿ ಇನ್ನೊಂದು ನಿಶ್ಚಿತ ಸಂಕೇತದಿಂದ ಮುಗಿಯುತ್ತವೆ. ಡಿಸ್ಕನ್ನು ಮೊದಲಿಂದ ಕಡೆಯವರೆಗೆ ಸೋಸಿ, ಆ ಆರಂಭದಿಂದ ಈ ಅಂತ್ಯದವರೆಗೆ ಕತ್ತರಿಸಿ ತೆಗೆದರೆ ಚಿತ್ರ ಸಿಗುತ್ತದೆ. ಹೆಸರು ಮಾತ್ರ ಇರುವುದಿಲ್ಲ. ಆದರೆ ಕಂಪ್ಯೂಟರು ದೊಡ್ಡ ಕಡತವನ್ನು ತುಂಡುತುಂಡಾಗಿ ದೂರದೂರದ ಜಾಗಗಳಲ್ಲಿ ಇಟ್ಟಿದ್ದರೆ ಈ ಉಪಾಯ ಫಲಿಸದು. ಇಲ್ಲಿಯೇ ಕೊಲಂಬಿಯಾದ ಡಿಸ್ಕಿನ ಎರಡನೆಯ ಭಾಗ್ಯವಿದೆ. ಅದು ಬಳಸುತ್ತಿದ್ದ ಡಾಸ್ ಎಂಬ ಹಳೆಯ ವ್ಯವಸ್ಥೆ ಮಾಹಿತಿಯನ್ನು ಹೆಚ್ಚು ಚದುರಿಸದೆ ಒಂದಾದಮೇಲೊಂದರಂತೆ ಬರೆದಿತ್ತು. ಒಂದು ಗಿಗಾಬೈಟಿನ ಅರ್ಧದಷ್ಟೂ ಇರದ ಆ ಡಿಸ್ಕು ಅರೆಯಷ್ಟೇ ತುಂಬಿತ್ತು. ತಟ್ಟೆಯ ಮೇಲೆ ಅಲ್ಲಲ್ಲಿ ಗುಳಿಗಳು ಬಿದ್ದಿದ್ದರೂ ಅವು ಇನ್ನೂ ಬರೆಯದ ಜಾಗದಲ್ಲಿ ಬಿದ್ದಿದ್ದವು. ಅದೇ ನೌಕೆಯ ಇನ್ನೆರಡು ಡಿಸ್ಕುಗಳೂ ತಂತ್ರಜ್ಞರ ಕೈಸೇರಿದ್ದವು. ಅವು ತೀರಾ ಕೆಟ್ಟಿದ್ದವು. ಅವುಗಳಿಂದ ಏನೂ ದೊರೆಯಲಿಲ್ಲ.

ಕನ್ನಡ ಬರಹಗಾರರಿಗೆ ಈ ಹಂತದಲ್ಲಿ ಒಂದು ವಿಶೇಷ ಅನುಭವ ಎದುರಾಗಬಹುದು. ಕಡತವೇನೋ ಹಿಂದಿರುಗಿ ಬರುತ್ತದೆ. ತೆರೆದು ನೋಡಿದರೆ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿದ ಗೊಂದಲ. ಎಲ್ಲ ಹಾಳಾಯಿತೆಂದು ಅಳಿಸಿಬಿಡುವವರೂ ಇದ್ದಾರು. ಅದು ಹಾಳಾದ ಬರಹವಾಗಿರಬೇಕೆಂದಿಲ್ಲ. ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಶ್ರೀಲಿಪಿ ಮೊದಲಾದ ತಂತ್ರಾಂಶಗಳು ಕನ್ನಡದ ಅಕ್ಷರಭಾಗಗಳನ್ನು ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ ಕೂರಿಸಿದ್ದವು. ಆ ಫಾಂಟು ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಹಾಗೆ ಕಾಣುವುದು ಸಹಜ. ತಕ್ಕ ಫಾಂಟನ್ನು ಹಾಕಿದರೆ, ಅಥವಾ ಯೂನಿಕೋಡಿಗೆ ಪರಿವರ್ತಿಸಿದರೆ, ಬರಹ ಮುಖವೆತ್ತುತ್ತದೆ. ಯೂನಿಕೋಡಿನಲ್ಲಿ ಉಳಿಸಿದ ಸರಳ ಪಠ್ಯಕ್ಕೆ ಇನ್ನೊಂದು ಅನುಕೂಲವಿದೆ. ಈಗ ರೂಢಿಯಲ್ಲಿರುವ ಯುಟಿಎಫ್-೮ ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟುಗಳು. ಮೊದಲನೆಯದು ಎಲ್ಲಕ್ಕೂ ಒಂದೇ, ಎರಡನೆಯದು ಎರಡು ಸಂಖ್ಯೆಗಳಲ್ಲಿ ಒಂದು. ಆದ್ದರಿಂದ ಅಂಕೆಗಳ ಕಾಡಿನಲ್ಲಿಯೂ ಕನ್ನಡ ಎಲ್ಲಿದೆಯೆಂದು ಹುಡುಕಿ ತೆಗೆಯಬಹುದು. ಕಡತದ ತಲೆ ಬಾಲ ಹೋಗಿದ್ದರೂ ನಡುವಿನ ನಾಲ್ಕು ಪುಟಗಳು ಸಿಕ್ಕಾವು.

ಈ ವಿದ್ಯೆಗೆ ಎಲ್ಲೆಗಳೂ ಉಂಟು. ಉಜ್ಜಿಹೋದ ಲೇಪ ಬರುವುದಿಲ್ಲ. ಚಿಕ್ಕ ಡಿಸ್ಕುಗಳ ತಟ್ಟೆ ಅನೇಕವೇಳೆ ಗಾಜಿನದು. ಅದು ಚೂರಾದರೆ ಆಸೆ ಬಿಡಬೇಕು. ಒಂದರ ಮೇಲೊಂದು ಬರೆದುಹೋದದ್ದು ಬರುವುದಿಲ್ಲ. ಗುಪ್ತಲಿಪಿಯ ಕೀಲಿಯನ್ನು ಮರೆತರೆ ಡಿಸ್ಕು ಗಟ್ಟಿಯಾಗಿದ್ದೂ ವ್ಯರ್ಥ. ತಟ್ಟೆಯೇ ಇಲ್ಲದ, ಚಿಪ್ಪುಗಳಲ್ಲಿ ಬರೆಯುವ ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಸಾಧನಗಳು ಬಿದ್ದರೆ ಸುಲಭವಾಗಿ ಕೆಡುವುದಿಲ್ಲ ನಿಜ. ಆದರೆ ಅಳಿಸಿದ ಜಾಗವನ್ನು ಅವು ಸಾಮಾನ್ಯವಾಗಿ ತಾವಾಗಿಯೇ ಬೇಗ ಶುಚಿಮಾಡಿಬಿಡುವುದರಿಂದ ಅಳಿಸಿದ್ದನ್ನು ಅಲ್ಲಿಂದ ಮರಳಿ ಪಡೆಯುವುದು ಕಷ್ಟ. ಶುದ್ಧಕೋಣೆಯ ಕೆಲಸಕ್ಕೆ ತಗಲುವ ವೆಚ್ಚ ಹೊಸ ಡಿಸ್ಕಿನ ಬೆಲೆಯ ಹಲವು ಪಟ್ಟು. ಹಾಗಾಗಿ ಒಪ್ಪಿಸುವ ಮುನ್ನ ಪರೀಕ್ಷೆಗೆ ಎಷ್ಟು, ಫಲಿಸದಿದ್ದರೆ ಎಷ್ಟು, ನಮ್ಮ ಖಾಸಗಿ ಬರಹ ಅವರ ಬಳಿ ಎಷ್ಟು ದಿನ ಇರುತ್ತದೆ ಎಂಬುದನ್ನು ಕೇಳಿ ಬರೆಸಿಕೊಳ್ಳುವುದು ವಿವೇಕ. ಮೊದಲು ಅಲ್ಪಜ್ಞರೊಬ್ಬರ ಕೈಗೆ ಕೊಟ್ಟು, ಅನಂತರ ಬಲ್ಲವರ ಬಳಿಗೆ ಹೋದರೆ ಅವರಿಗೂ ಮಾಡಲು ಏನೂ ಉಳಿದಿರುವುದಿಲ್ಲ.

ಇಷ್ಟೆಲ್ಲವನ್ನು ವಿಚಾರಿಸಿದ ಮೇಲೆ ಒಂದು ಸಂಗತಿ ಎದ್ದುಕಾಣುತ್ತದೆ. ಪುನಃಪ್ರಾಪ್ತಿ ಎಂದು ನಾವು ಯಾವುದನ್ನು ಕರೆಯುತ್ತೇವೆಯೋ ಅದು, ಬಹು ಕಷ್ಟಪಟ್ಟು, ಬಹು ತಡವಾಗಿ, ಬಹು ದುಬಾರಿಯಾಗಿ ಮಾಡಿಕೊಂಡ ಒಂದು ನಕಲು. ಅದೇ ನಕಲನ್ನು ಡಿಸ್ಕು ಗಟ್ಟಿಯಾಗಿದ್ದ ದಿನ ಸಂಜೆ ಒಂದು ಗಂಟೆಯಲ್ಲಿ ಮಾಡಿಕೊಳ್ಳಬಹುದಾಗಿತ್ತು. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾಗಿದೆ. ಓಲೆಗರಿ ಹೆಚ್ಚು ಕಾಲ ಬಾಳುವುದಿಲ್ಲವೆಂಬುದು ಅಂದಿನವರಿಗೆ ಗೊತ್ತಿತ್ತು. ಹುಳುವಿನ ಬಾಯಿಂದ ಅಕ್ಷರವನ್ನು ಹಿಂದಕ್ಕೆ ತರಿಸುವ ಉಪಾಯವನ್ನು ಅವರು ಹುಡುಕಲಿಲ್ಲ. ಒಂದು ಗರಿ ಹೋದರೆ ಇನ್ನೊಂದು ಊರಿನಲ್ಲಿ ಇನ್ನೊಂದು ಗರಿ ಇರುವಂತೆ ನೋಡಿಕೊಂಡರು. ಸಾವಿರ ಪ್ರತಿ ನಮಗೆ ಬೇಡ. ಮೂರಿದ್ದರೆ ಸಾಕು: ಕಂಪ್ಯೂಟರಿನಲ್ಲಿ ಒಂದು, ಬೇರೊಂದು ಡಿಸ್ಕಿನಲ್ಲಿ ಒಂದು, ಬೇರೊಂದು ಊರಿನಲ್ಲಿ ಬಂಧುವಿನ ಮನೆಯಲ್ಲಿಯೋ ಅಂತರಜಾಲದ ಭಂಡಾರದಲ್ಲಿಯೋ ಒಂದು. ಮೂರನ್ನೂ ಒಂದೇ ಕಪಾಟಿನಲ್ಲಿಟ್ಟರೆ ಅವು ಮೂರಲ್ಲ, ಒಂದೇ. ಮಾಡಿಟ್ಟ ಪ್ರತಿಯನ್ನು ಆರು ತಿಂಗಳಿಗೊಮ್ಮೆ ತೆರೆದು ಓದಿ ನೋಡುವುದೂ ಅಗತ್ಯ.

ಕೊಲಂಬಿಯಾದ ಯಾತ್ರಿಕರು ತಮ್ಮ ದುಡಿಮೆಯ ಒಂದು ಪಾಲನ್ನು ಹಾರುತ್ತಿರುವಾಗಲೇ ಭೂಮಿಗೆ ಕಳಿಸಿದ್ದರು. ಡಿಸ್ಕು ಸಿಗದೆ ಹೋಗಿದ್ದರೂ ಅಷ್ಟು ಉಳಿಯುತ್ತಿತ್ತು. ಮಿಕ್ಕದ್ದು ಉಳಿದದ್ದು ತಂತ್ರಜ್ಞರ ಕೌಶಲದಿಂದ ಮತ್ತು ಅದೃಷ್ಟದಿಂದ. ಕೌಶಲವನ್ನು ಹಣ ಕೊಟ್ಟು ಪಡೆಯಬಹುದು. ಗುಳಿಗಳು ಬರೆಯದ ಜಾಗದಲ್ಲೇ ಬೀಳುವಂತೆ ಮಾಡುವುದು ಯಾರ ಕೈಯಲ್ಲಿಯೂ ಇಲ್ಲ.